ಹಸಿಬಣ್ಣದ ಕುಂಕುಮ

"ಕುಂಕುಮ ಅಳ್ಸಿಬುಟ್ಟವ್ರೆ ಅಂತ ಬಸ್ನಾಗೆ ದಾರಿ ಉದ್ದಕ್ಕೂ ಗೊಣಗ್ತಿದ್ದ ಸ್ವಾಮಿ, ಇವ್ನು. ಕೇಳಿ ಕೇಳಿ ತಲೆನೋವು ಬಂದೋಗಿತ್ತು ನಂಗೆ."

ದಫೇದಾರ್ ಮರಿಸಿದ್ದಯ್ಯ ಇದನ್ನು ಹೇಳಿದ್ದು ಲಾಕಪ್ಪಿನ ಕಡೆ ಗಲ್ಲ ಎತ್ತಿ ತೋರಿಸಿ, ವೀಳ್ಯದೆಲೆಗೆ ಸುಣ್ಣ ಹಚ್ಚಿಕೊಳ್ಳುತ್ತಾ. ಮಳೆ ಬಿಸಿಲಿನ ಮಾತಾಡಿದಷ್ಟು ಸಲೀಸಾಗಿ ಹೇಳಿದ. ಮದ್ದೂರು ಠಾಣೆಯ ಮೇಜಿನ ಮೇಲೆ ತಲೆಯಿಟ್ಟುಕೊಂಡು ಕೂತಿದ್ದ ನಾನು ತಲೆ ಎತ್ತಿದೆ.

"ಯಾವ ಬಸ್ಸು? ಯಾವತ್ತು?"

"ಸೋಮ್ವಾರ ಸಂಜೆ ಮಳವಳ್ಳಿ ಬಸ್ಸು. ರಜಾ ಆಕಿ ಅತ್ತೆ ಮನೆಗೆ ಓಯ್ತಿದ್ನಲ್ಲ, ಅವತ್ತು. ಪೆಟ್ರೋಲ್ ಬದ್ಲು ಇದ್ಲು ಗ್ಯಾಸಲ್ಲಿ ಓಡೋ ಬಸ್ಸು ಅಲ್ವಾ, ಏರು ಅತ್ನಿಲ್ಲ. ಎಲ್ರೂ ಇಳ್ದು ತಳ್ಳುದ್ವಿ. ತಳ್ಳೋವಾಗ್ಲೂ ಇವುಂದು ಅದೇ ಗೊಣಗಾಟ."

"ಇಷ್ಟು ದಿನ ಯಾಕಯ್ಯಾ ಹೇಳಲಿಲ್ಲ?"

"ನೀವು ಕೇಳ್ನಿಲ್ವಲ್ಲ ಸ್ವಾಮಿ."

ಅಯ್ಯೋ ಶಿವನೇ! ಈ ಇಲಾಖೆಗೆ ಸೇರಿ ತಲೆ ನರೆಯಿತು, ಮಂಡಿ ಸವೆಯಿತು. ಈ ಮರಿಸಿದ್ದಯ್ಯನಂಥವರನ್ನು ಕಟ್ಟಿಕೊಂಡು ಕಳ್ಳರನ್ನು ಹಿಡಿಯಬೇಕು ಅಂತ ನನ್ನ ಹಣೆಯಲ್ಲಿ ಬರೆದಿದೆ. ಬೈಯುವುದಕ್ಕೂ ಶಕ್ತಿ ಇರಲಿಲ್ಲ. ಎದ್ದು ಲಾಕಪ್ಪಿನ ಕಡೆ ನಡೆದೆ.

ಬೆಳ್ಳೆಕೊಪ್ಪಲಿನ ಪಟೇಲ ಹೊನ್ನಯ್ಯನ ಹೆಣ ಮಂಗಳವಾರ ಬೆಳಗ್ಗೆ ನಾಲೆಯ ತೂಬಿನಲ್ಲಿ ಸಿಕ್ಕಿತ್ತು, ತಲೆ ಒಡೆದು. ಅವನ ಮನೆಯಲ್ಲಿ ಗಂಡಹೆಂಡಿರ ಚಿತ್ರ ಬರೆಯುತ್ತಿದ್ದ ಮಳವಳ್ಳಿಯ ಜಹಾಂಗೀರನನ್ನು ನಾನೇ ಹಿಡಿದು ತಂದಿದ್ದೆ. ನಾಳೆ ಅವನನ್ನು ಮೈಸೂರು ಜೈಲಿಗೆ ಸಾಗಿಸಬೇಕು. ಆಮೇಲೆ ಕೋರ್ಟು, ನೇಣು. ಅದರಲ್ಲಿ ಊರಿನವರಿಗಾಗಲಿ, ನನ್ನ ಮೇಲಿನವರಿಗಾಗಲಿ ಅನುಮಾನವೇ ಇರಲಿಲ್ಲ.

ಅನುಮಾನ ಇದ್ದದ್ದು ಒಬ್ಬಳಿಗೆ. ಅವನ ತಾಯಿ ಸುಲ್ತಾನ್ ಬೀ ಠಾಣೆಯ ಜಗಲಿಯಲ್ಲೇ ಠಿಕಾಣಿ ಹೂಡಿದ್ದಳು. ನಾನು ಒಳಗೆ ಹೊರಗೆ ಓಡಾಡುವಾಗೆಲ್ಲ ಎದ್ದು ನಿಲ್ಲುತ್ತಿದ್ದಳು. "ಸಾಬ್, ಮನೇಲಿ ಕೋಳಿ ಕುಯ್ಯೋವಾಗ ಎದ್ದು ಆಚೆ ಹೋಗೋ ಹುಡ್ಗ ಅವ್ನು. ನಂಗಿರೋದು ಅವನೊಬ್ನೇ." ಅವಳ ಮುಖ ನೋಡುವುದು ತಪ್ಪಿಸಿಕೊಳ್ಳಲು ನಾನು ಹಿತ್ತಲ ಬಾಗಿಲಿನಿಂದ ಓಡಾಡುವ ಅಭ್ಯಾಸ ಮಾಡಿಕೊಂಡಿದ್ದೆ.

ಜಹಾಂಗೀರ ಗೋಡೆಗೆ ಒರಗಿ ಕೂತಿದ್ದ. ಉಗುರು ಸಂದಿಯಲ್ಲಿ ಇನ್ನೂ ನೀಲಿ ಬಣ್ಣ. ಮೈಸೂರಿನಲ್ಲಿ ಚಿತ್ರ ಕಲಿತು ಬಂದವನು. ಜಟಕಾ ಗಾಡಿಗೆ ಬಣ್ಣ ಬಳಿಯುವ ಮನೆತನದಲ್ಲಿ ಹುಟ್ಟಿ ಮನುಷ್ಯರ ಮುಖ ಬರೆಯಲು ಹೊರಟಿದ್ದ.

"ಯಾರ ಕುಂಕುಮ ಅಳಿಸಿದ್ದು?" ಅಂದೆ.

ಅವನ ಮುಖ ಬಿಳಿಚಿಕೊಂಡಿತು. "ಯಾವ ಕುಂಕುಮ ಸಾಹೇಬರೇ?"

"ನೋಡಯ್ಯ, ನನಗೆ ಸುಸ್ತಾಗಿದೆ. ಸೋಮವಾರ ಬಸ್ಸಿನಲ್ಲಿ ನೀನು ಗೊಣಗಿದ್ದನ್ನು ನಮ್ಮ ದಫೇದಾರನೇ ಕೇಳಿದ್ದಾನೆ. ಮೊದಲಿನಿಂದ ಹೇಳು."

ಉಗುರಿನ ಬಣ್ಣ ಕೆರೆಯುತ್ತಾ ಹೇಳತೊಡಗಿದ. ಅವನಿಗೆ ಕಲಿಸಿದ ಉಸ್ತಾದರಿಂದ ಬಂದ ಪದ್ಧತಿ ಒಂದಿತ್ತಂತೆ. ಹಿಂದೂ ಮನೆಯ ಹೆಂಗಸಿನ ಚಿತ್ರದಲ್ಲಿ ಎಲ್ಲ ಬರೆದು ಹಣೆಯನ್ನು ಮಾತ್ರ ಬಿಟ್ಟುಬಿಡುವುದು. ಕುಂಕುಮವನ್ನು ತಾನಿಡುವುದಿಲ್ಲ. ಕೆಂಪು ಬಣ್ಣ ಕಲಸಿಕೊಟ್ಟರೆ ಮನೆಯವರೇ ಯಾರಾದರೂ ಬಂದು ಬೆರಳಿನಲ್ಲಿ ಇಡಬೇಕು.

"ಭಾನುವಾರ ಸಂಜೆ ಹೊನ್ನಯ್ಯ ಗೌಡ್ರೇ ಇಟ್ರು. ಅವತ್ತು ನನಗೂ ಅವರಿಗೂ ಜಗಳ ಆಗಿತ್ತಲ್ಲ, ಅದಾದ ಮೇಲೆ."

ಜಗಳದ ವಿಷಯ ಊರಿಗೆಲ್ಲ ಗೊತ್ತಿತ್ತು. ಹೆಂಡತಿ ಹೊಂಬಾಳಮ್ಮನ ಮುಖವನ್ನು ಕಂಡು ಹೊನ್ನಯ್ಯ ಕೂಗಾಡಿದ್ದ. 'ಗೌಡರ ಮನೆ ಎಂಗ್ಸು ಇಂಗೆ ಅಳ್ಮೋರೆ ಆಕ್ಕೊಂಡಿರ್ತಾಳಾ? ನಗಿಸ್ಲಾ ಅವ್ಳ್ನ!' ಅದಕ್ಕೆ ಈ ಹುಡುಗ, 'ಚಿತ್ರದಲ್ಲಿ ನಗಿಸೋಕೆ ಮುಂಚೆ ಮನೇಲಿ ನಗಿಸಿ ಗೌಡ್ರೇ' ಅಂದುಬಿಟ್ಟ. ಹೊನ್ನಯ್ಯ ಹತ್ತು ಜನರ ಮುಂದೆ ಅವನ ಕೆನ್ನೆಗೆ ಬಿಟ್ಟ. ಆ ಏಟನ್ನೇ ನಾನು ಕೊಲೆಯ ಕಾರಣ ಅಂತ ಬರೆದಿದ್ದೆ. ಮಾರನೇ ದಿನ ಅವನು ಕೆಲಸ ಅರ್ಧಕ್ಕೆ ಬಿಟ್ಟು ಊರಿಗೆ ಹೋದದ್ದನ್ನು, ಕೊಂದು ಓಡಿಹೋದದ್ದು ಅಂತ.

"ಹೊಡೆದಾದ ಮೇಲೆ ಗೌಡ್ರೇ ಕೆಂಪು ಬಣ್ಣ ಕೇಳಿದ್ರು. ಹೆಬ್ಬೆಟ್ಟಿನಲ್ಲಿ ಒತ್ತಿದ್ರು, ಕಾಸಗಲ, ಸೊಟ್ಟಗೆ. 'ಮೋರೆ ಎಂಗಾದ್ರೂ ಇರ್ಲಿ, ಇದು ನಂದು' ಅಂದ್ರು. ಸೋಮವಾರ ಮಧ್ಯಾಹ್ನ ಊಟ ಆದ್ಮೇಲೆ ಸೀರೆ ಅಂಚು ಮುಗಿಸೋಣ ಅಂತ ಹೋದೆ. ಹಣೆ ಬೋಳು. ಹಸಿಬಣ್ಣ, ಯಾರೋ ಬಟ್ಟೇಲಿ ಒರೆಸಿದ್ರು. ಗೌಡ್ರೆಲ್ಲಿ ಅಂದೆ. ಕಬ್ಬಿನ ವಿಷಯಕ್ಕೆ ಮಂಡ್ಯಕ್ಕೆ ಹೋಗವ್ರೆ ಅಂತ ಮನೆಯವ್ರು ಅಂದ್ರು. ಬೇಜಾರಾಗಿ ಕುಂಚ ಕಟ್ಕೊಂಡು ಬಸ್ ಹತ್ತಿದೆ."

ನಾನು ಬೆರಳು ಮಡಚಿ ದಿನಗಳನ್ನು ಎಣಿಸಿದೆ.

ಮಂಗಳವಾರ ನಾನು ಆ ಮನೆಗೆ ಹೋದಾಗ ಚಿತ್ರದ ಹಣೆ ಬೋಳಾಗಿದ್ದುದನ್ನು ನಾನೂ ನೋಡಿದ್ದೆ. ಗಂಡ ಸತ್ತ ಸುದ್ದಿ ಬಂದಿದೆ, ಹೆಂಗಸರು ಚಿತ್ರದ್ದನ್ನೂ ಒರೆಸಿದ್ದಾರೆ ಅಂದುಕೊಂಡು ಮುಂದೆ ಹೋಗಿದ್ದೆ. ನಮ್ಮ ಕಡೆ ಹುಟ್ಟಿದ ಯಾರೇ ಆದರೂ ಹಾಗೇ ಅಂದುಕೊಳ್ಳುತ್ತಿದ್ದರು. ಆದರೆ ಸುದ್ದಿ ಬಂದದ್ದು ಮಂಗಳವಾರ. ಕುಂಕುಮ ಹೋಗಿದ್ದು ಸೋಮವಾರ. ಹೊನ್ನಯ್ಯ ಮಂಡ್ಯಕ್ಕೆ ಹೋಗಿದ್ದಾನೆ ಅಂತ ಎಲ್ಲರೂ ಹೇಳುತ್ತಿದ್ದ ಹೊತ್ತಿನಲ್ಲಿ, ಅವನು ಸತ್ತಿದ್ದಾನೆ ಅಂತ ಆ ಮನೆಯ ಒಳಗೆ ಒಬ್ಬರಿಗೆ ಗೊತ್ತಿತ್ತು.

"ಇದನ್ನು ಮೊದಲೇ ಬೊಗಳೋಕೆ ನಿನಗೇನು ದಾಡಿಯಾಗಿತ್ತು?" ಕೂಗಿಬಿಟ್ಟೆ. "ನಿನ್ನ ಕುತ್ತಿಗೆ ಕಣೋ ಅದು!"

ಅವನು ಸರಳು ಹಿಡಿದುಕೊಂಡ. "ಹೇಳಿದ್ರೆ ಅದು ಆ ಅಮ್ಮನ ಕುತ್ತಿಗೆಗೆ ಹೋಗ್ತದೆ ಸಾಹೇಬರೇ. ಅವರ ಚಿತ್ರ, ಅವರ ಹಣೆ. ಬೇರೆ ಯಾರು ಒರೆಸ್ತಾರೆ? ನಾನು ಆ ಮುಖಾನ ಇಷ್ಟು ದಿನ ನೋಡಿದೀನಿ. ಆ ಮುಖಕ್ಕೆ ಇನ್ನೂ ಏನೂ ಆಗೋದು ಬೇಡ."

ಆಯಾಸದ ಜೊತೆಗೆ ಕೋಪವೂ ಬಂತು ನನಗೆ. ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಈ ಹುಡುಗ ಹೇಳುವುದು ನಿಜವಾದರೆ ಹೊಂಬಾಳಮ್ಮನನ್ನು ಎಳೆದು ತರಬೇಕು. ಎಳೆದು ತರದಿದ್ದರೆ ನಾಳೆ ಇವನು ಹೋಗುತ್ತಾನೆ.

ಹೊರಗೆ ಸುಲ್ತಾನ್ ಬೀ ಎದ್ದು ನಿಂತಳು. ಈ ಸಲ ನಾನು ಮುಂಬಾಗಿಲಿನಿಂದಲೇ ಹೋದೆ. "ಕೂತ್ಕೊಳ್ಳಮ್ಮ" ಅಂದೆ. ಬೇರೇನು ಹೇಳಲಿ?

ಎತ್ತಿನ ಗಾಡಿಯಲ್ಲಿ ಬೆಳ್ಳೆಕೊಪ್ಪಲು ಮುಟ್ಟುವಷ್ಟರಲ್ಲಿ ಮರಿಸಿದ್ದಯ್ಯ ಒಂದು ನಿದ್ದೆ ಮುಗಿಸಿದ್ದ. ದಾರಿಯುದ್ದಕ್ಕೂ ಕಬ್ಬು. ನನ್ನ ಮಂಡಿ ಪ್ರತಿ ಹಳ್ಳಕ್ಕೂ ಒಂದೊಂದು ಸಲ ದೇವರನ್ನು ನೆನೆಯುತ್ತಿತ್ತು.

ಪಟೇಲರ ಮನೆಯ ಪಡಸಾಲೆಯಲ್ಲಿ ಹೊನ್ನಯ್ಯನ ತಾಯಿ ಚಿಕ್ಕಬೋರಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಬಿಳಿ ಸೀರೆಯ ಮುದುಕಿ, ಬರೀ ಎಲುಬು. ಕಿರಿಮಗ ಚಲುವರಾಜು ಕಂಬಕ್ಕೆ ಒರಗಿ ಕಡ್ಡಿಯಲ್ಲಿ ಹಲ್ಲು ಕೆದಕುತ್ತಿದ್ದ. ಹೊಂಬಾಳಮ್ಮ ಅಡುಗೆಮನೆಯಲ್ಲಿದ್ದಳು. ಪಾತ್ರೆಯ ಸದ್ದು ಕೇಳುತ್ತಿತ್ತು.

"ಬನ್ನಿ ಸ್ವಾಮಿ," ಅಂದ ಚಲುವರಾಜು. "ಆ ಸಾಬನ್ನ ನಾಳೆ ಕಳ್ಸ್ತೀರಂತೆ? ನಮ್ಮಣ್ಣನ ಆತ್ಮಕ್ಕೆ ಸಾಂತಿ ಸಿಗ್ತದೆ ಬುಡಿ."

ನಾನು ಉತ್ತರ ಕೊಡದೆ ಗೋಡೆಯ ಕಡೆ ಹೋಗಿ ಚಿತ್ರಕ್ಕೆ ಹೊದಿಸಿದ್ದ ದುಪ್ಪಟಿ ಎಳೆದೆ.

ಮಂಗಳವಾರ ಇದನ್ನು ಕಂಡಿದ್ದೆ, ನೋಡಿರಲಿಲ್ಲ. ಹೊನ್ನಯ್ಯ ಕುರ್ಚಿಯ ಮೇಲೆ ಕೂತಿದ್ದಾನೆ. ಕೋಟು, ಪೇಟ, ಗಡಿಯಾರದ ಚೈನು. ಪಟೇಲಿಕೆಯ ಠೀವಿಗೆ ಏನೂ ಕಮ್ಮಿಯಿಲ್ಲ. ಆದರೆ ಕಣ್ಣು ಮಾತ್ರ ನೇರ ನೋಡುತ್ತಿಲ್ಲ, ಪಕ್ಕಕ್ಕೆ ಹೊರಳಿದೆ. ಹೆದರಿದವನ ನೋಟ ಅದು. ಪಕ್ಕದಲ್ಲಿ ನಿಂತ ಹೊಂಬಾಳಮ್ಮನ ಮೈಮೇಲೆ ರೇಷ್ಮೆ, ಕತ್ತಿನಲ್ಲಿ ಚಿನ್ನದ ಅಡ್ಡಿಕೆ. ಮುಖದಲ್ಲಿ ಮಾತ್ರ ಬೆಳಗ್ಗೆ ಎದ್ದಾಗಲೇ ಸುಸ್ತಾಗಿರುವ ಹೆಂಗಸಿನ ಕಳೆ. ಇಂಥ ಮುಖವನ್ನು ಎಷ್ಟು ಮನೆಗಳಲ್ಲಿ ಕಂಡಿದ್ದೇನೆ! ಒಬ್ಬಳನ್ನಾದರೂ ಏನಮ್ಮಾ ಅಂತ ಕೇಳಲಿಲ್ಲ.

ಮತ್ತೆ ಹೊನ್ನಯ್ಯನ ಕಣ್ಣಿನ ಜಾಡು ಹಿಡಿದೆ. ಅವನು ನೋಡುತ್ತಿದ್ದುದು ಒಂದು ಕಂಬವನ್ನು. ಕುರ್ಚಿಯ ಎಡಕ್ಕೆ, ಯಾವ ತೊಲೆಯನ್ನೂ ಹೊರದ ಒಂದು ಕಂಬ. ಹತ್ತಿರ ಹೋಗಿ ನೋಡಿದರೆ ಅದರ ಬಣ್ಣದ ಅಡಿಯಲ್ಲಿ ಒಂದು ಭುಜದ ಗೆರೆ.

"ಇಲ್ಲಿ ಮೊದಲು ಯಾರಿದ್ದರು?"

ಮರಿಸಿದ್ದಯ್ಯ ಬಗ್ಗಿ ನೋಡಿ, "ಚಲುವರಾಜು ಇದ್ದಂಗವ್ನೆ ಸ್ವಾಮಿ. ಕಿವಿ ನೋಡಿ, ಅದೇ ಮುರ್ಕ್ಲು ಕಿವಿ" ಅಂದ.

"ಇದ್ದೆ," ಅಂದ ಚಲುವರಾಜು. "ಅಣ್ಣ ಬ್ಯಾಡ ಅಂದ. ಯಜಮಾನ್ರ ಪಟ್ದಲ್ಲಿ ನೀನ್ಯಾಕ್ಲಾ ಅಂದ. ಕಂಬ ಬರ್ಸ್ದ. ಅದ್ಕೇನೀಗ?"

"ಪಟದಲ್ಲಿ ಜಾಗ ಇಲ್ಲದವನಿಗೆ ಜಮೀನಿನಲ್ಲಿ ಇತ್ತೇನಯ್ಯಾ?"

ಅವನು ಕಡ್ಡಿ ಉಗಿದ. ನಾನು ಮುದುಕಿಯ ಎದುರು ಕಷ್ಟಪಟ್ಟು ಕೂತೆ. ಮಂಡಿ ಲಟಕ್ಕೆಂದಿತು.

"ಅವ್ವ, ಈ ಚಿತ್ರದ ಕುಂಕುಮ ಒರೆಸಿದ್ದು ಯಾರು?"

"ಗಂಡ ಸತ್ತ್‌ಮ್ಯಾಲೆ ಒರ್ಸ್ದೆ ಇರ್ತಾರಾ ಬುದ್ಧಿ?"

"ಯಾವತ್ತು ಒರೆಸಿದ್ದು?"

"ಮಣ್ಣು ಮಾಡಿದ್ ದಿನ."

"ಮಣ್ಣು ಮಾಡಿದ್ದು ಬುಧವಾರ. ಮಂಗಳವಾರ ನಾನು ಬಂದಾಗಲೇ ಹಣೆ ಬೋಳಾಗಿತ್ತು."

"ಅಂಗಾರೆ ಮಂಗ್ಳಾರ. ವಯಸ್ಸಾಯ್ತು, ನೆಪ್ಪಿರಾಕಿಲ್ಲ."

"ಸೋಮವಾರ ಮಧ್ಯಾಹ್ನವೇ ಇರಲಿಲ್ಲ ಅವ್ವ."

ಮೊರ ನಿಂತಿತು.

"ಆ ಸಾಬ ಏಳಿದ್ನ ನಂಬ್ಕಂಡು ಬಂದ್ರಾ?" ಚಲುವರಾಜು ದನಿ ಎತ್ತಿದ.

"ಅವನಾಗಿ ಹೇಳಲಿಲ್ಲ. ಮುಚ್ಚಿಟ್ಟಿದ್ದ. ಹೇಳಿದ್ದು ನನ್ನ ದಫೇದಾರ."

"ಬಸ್ಸು ತಳ್ಳೋವಾಗ್ಲೂ ಅದ್ನೇ ಅಂತಿದ್ದ ಕಣಪ್ಪಾ," ಅಂದ ಮರಿಸಿದ್ದಯ್ಯ, ಕೇಸನ್ನೆಲ್ಲ ತಾನೇ ಪತ್ತೆ ಮಾಡಿದವನ ಗತ್ತಿನಲ್ಲಿ.

ಚಲುವರಾಜುವಿಗೆ ಒಂದು ಗಳಿಗೆ ಬೇಕಾಯಿತು. ಆಮೇಲೆ ಹಗುರಾದ. "ಅಂಗಾರೆ ಅತ್ಗೇನೇ ಒರ್ಸವ್ಳೆ! ನಾನ್ ಮೊದ್ಲಿಂದ್ಲೂ ಏಳ್ನಿಲ್ವಾ? ಅವ್ಳೂ ಅವ್ನೂ ಸೇರ್ಕಂಡೇ..."

"ಬಾಯ್ಮುಚ್ಲಾ!"

ಮುದುಕಿಯ ದನಿಗೆ ಅಡುಗೆಮನೆಯ ಪಾತ್ರೆಯ ಸದ್ದೂ ನಿಂತಿತು. ಅವಳು ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಎಳೆದು ನನ್ನ ಮುಂದೆ ಬಿಡಿಸಿದಳು. ಬಿಳಿ ಬಟ್ಟೆಯಲ್ಲಿ ಕೆಂಪು ಕಲೆ, ಅಂಗೈ ಅಗಲ.

"ಸೀಗೇಕಾಯಿ ಆಕಿ ಉಜ್ಜಿದೆ, ಬೂದಿ ಆಕಿ ಉಜ್ಜಿದೆ. ಓಗ್ನಿಲ್ಲ. ಎಂಥ ಬಣ್ಣಾನೋ ಏನೋ. ನಾನೇ ಒರ್ಸಿದ್ದು. ಅವ್ಳ್ನ ಯಾಕ್ಲಾ ಎಳೀತೀಯೆ?"

"ಸೋಮವಾರವಾ?"

"ಊಂ, ಸೋಮ್ವಾರ."

"ಮಗ ಮಂಡ್ಯಕ್ಕೆ ಹೋಗಿದ್ದಾನೆ ಅಂತ ಊರಿಗೆಲ್ಲ ಹೇಳಿ, ಒಳಗೆ ಬಂದು ಸೊಸೆಯ ಕುಂಕುಮ ಒರೆಸಿದಿರಾ?"

ಅವಳು ಚಿತ್ರದ ಕಡೆ ನೋಡಲಿಲ್ಲ. ರಾಗಿಯಲ್ಲೇ ಕೈಯಾಡಿಸುತ್ತಾ ಮಾತಾಡಿದಳು.

"ಇನ್ನೇನಪ್ಪ ಮಾಡ್ಲಿ? ನನ್ ಮಗ ನೀರಲ್ಲಿ ಬಿದ್ದವ್ನೆ. ಅವ್ನ್ ಎಂಡ್ತಿ ಕಾಸಗ್ಲ ಕುಂಕುಮ ಇಟ್ಕಂಡು ನಂಗೆ ಮುದ್ದೆ ಇಕ್ತಾವ್ಳೆ. 'ಅತ್ತೆವ್ವ, ಇನ್ನೊಂಚೂರು ಸಾರು' ಅಂತಾವ್ಳೆ. ಅದ್ನ ನೋಡ್ಕಂಡು ಎಂಗಪ್ಪ ಉಣ್ಣದು? ಸತ್ತೋನ್ಗೆ ಅಳೋರು ಬೇಕು ಕಣಪ್ಪ, ನಾಯಿ ಸತ್ರೂ ಒಂದ್ ಮರಿ ಕುಂಯ್ ಅಂತದೆ. ನಾನ್ ಅಳಂಗಿಲ್ಲ. ಅತ್ರೆ ಗೊತ್ತಾಯ್ತದೆ. ಅವ್ಳ ಅಣೇದು ಒರ್ಸಂಗಿಲ್ಲ. ಅದ್ಕೆ ಈ ಪಟದ್ದು ಒರ್ಸ್ದೆ. ಒಂದಾದ್ರೂ ಆಗ್ಲಿ ಅವ್ನಿಗೆ, ಅಂತ."

ಸುಳ್ಳು ಹೇಳುವುದಿಲ್ಲ, ಆ ಕ್ಷಣಕ್ಕೆ ಎದ್ದು ಮನೆಗೆ ಹೋಗಿಬಿಡೋಣ ಅನ್ನಿಸಿತು. ಪಿಂಚಣಿ ಬಾರದಿದ್ದರೂ ಹೋಗಲಿ. ಆದರೆ ಠಾಣೆಯ ಜಗಲಿಯ ಮೇಲೆ ಇನ್ನೊಬ್ಬ ತಾಯಿ ಕೂತಿದ್ದಳು.

"ಅವ್ವ, ನಿಮ್ಮ ಮಗ ನೀರಿನಲ್ಲಿ ಬಿದ್ದಿರುವುದನ್ನು ನಿಮಗೆ ಹೇಳಿದ್ದು ಯಾರು?"

ಅವಳು ರಾಗಿಯಲ್ಲಿ ಕಲ್ಲು ಹುಡುಕತೊಡಗಿದಳು.

"ನಾಳೆ ಆ ಹುಡುಗ ಮೈಸೂರಿಗೆ ಹೋಗುತ್ತಾನೆ. ಹೋದವನು ತಿರುಗಿ ಬರುವುದಿಲ್ಲ. ಅವನ ತಾಯಿ ಠಾಣೆಯ ಜಗಲಿ ಬಿಟ್ಟು ಎದ್ದಿಲ್ಲ. ಅವಳಿಗೂ ಒಬ್ಬನೇ ಮಗ."

ಆ 'ಅವಳಿಗೂ' ಅನ್ನುವುದು ತಟ್ಟಿತು. ಮುದುಕಿ ತಲೆಯೆತ್ತಿ ಚಲುವರಾಜುವನ್ನು ನೋಡಿದಳು. ಅವನು ನೆಲ ನೋಡಿದ.

"ಅವ್ವ, ಒಳೀಕೋಗು," ಅಂದ. "ಇವ್ರ್ ಕುಟ್ಟೆ ಏನ್ ಮಾತು?"

ಅವಳು ಹೋಗಲಿಲ್ಲ. ಮೊರವನ್ನು ಪಕ್ಕಕ್ಕಿಟ್ಟು, ಕೈ ಕೊಡವಿಕೊಂಡು ನನ್ನ ಕಡೆ ತಿರುಗಿದಳು.

"ಬರ್ಕೊ ಬುದ್ಧಿ. ನಾನೇ ಕೊಂದೆ."

"ಅವ್ವ!"

"ನಾನೇ. ಒನಕೇಲಿ ಒಡ್ದೆ. ನಾಲೆಗೆ ಎಳ್ಕೊಂಡೋಗಿ ಆಕ್ದೆ. ಆ ಸಾಬರ ಉಡುಗನ್ನ ಬುಟ್ಬುಡು. ಅವ್ನ ತಾಯಿ ಒಟ್ಟೆ ಉರ್ಸ್‌ಬ್ಯಾಡ. ಬರ್ಕೊ, ಎಬ್ಬೆಟ್ಟು ಒತ್ತೀನಿ."

ಒಂದು ಬಿಂದಿಗೆ ನೀರು ಎತ್ತಲಾರದ ಮುದುಕಿ. ಹೊನ್ನಯ್ಯ ಆಳೆತ್ತರದ ಗಂಡಸು. ನಾನು ಅವಳನ್ನು ಬಿಟ್ಟು ಚಲುವರಾಜುವನ್ನೇ ನೋಡಿದೆ. ಈಗಾದರೂ ಬಾಯಿ ಬಿಡುತ್ತಾನೆ ಅಂದುಕೊಂಡೆ. ಎಂಥ ಕಟುಕನಿಗಾದರೂ ಹೆತ್ತವಳು ಹೀಗೆ ಕೊರಳು ಚಾಚಿದಾಗ ಒಂದು ಮಾತು ಬರುತ್ತದಲ್ಲ!

"ಅವ್ವ ಏಳ್ದಂಗೆ ಬರ್ಕಳಿ ಸ್ವಾಮಿ," ಅಂದ ಅವನು. "ವಯಸ್ಸಾಗದೆ ಅವ್ಳ್ಗೆ. ನೇಣಾಕಾಕಿಲ್ಲ."

ಥೂ ನಿನ್ನ! ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಮುದುಕಿಯ ಮುಖದಲ್ಲಿ ಏನೂ ಕದಲಲಿಲ್ಲ. ಕೈ ಮಾತ್ರ ನನ್ನ ಕಡೆ ಚಾಚಿದ್ದು ಚಾಚಿದಂತೆಯೇ ಇತ್ತು. ಮರಿಸಿದ್ದಯ್ಯ ನನ್ನನ್ನೊಮ್ಮೆ ಅವಳನ್ನೊಮ್ಮೆ ನೋಡಿ, ಚೀಲದಿಂದ ಕಾಗದವನ್ನೂ ಮಸಿಯನ್ನೂ ತೆಗೆದಿಟ್ಟ.

ಬರೆದುಕೊಂಡರೆ ಜಹಾಂಗೀರ ಸಂಜೆಗೆ ಮನೆಯಲ್ಲಿರುತ್ತಾನೆ. ಸುಲ್ತಾನ್ ಬೀ ಜಗಲಿಯಿಂದ ಎದ್ದು ಹೋಗುತ್ತಾಳೆ. ಮೇಲಿನವರೂ ಒಪ್ಪುತ್ತಾರೆ. ಬರೆದುಕೊಳ್ಳದಿದ್ದರೆ ನನ್ನ ಬಳಿ ಇರುವುದು ಒಂದು ಸೀರೆಯ ಕಲೆ, ಮತ್ತು ಬಸ್ಸು ತಳ್ಳಿದವನ ಸಾಕ್ಷಿ. ದೇವರಾಣೆಗೂ ಆ ಕಾಗದವನ್ನು ಮುಂದಕ್ಕೆ ಎಳೆದುಕೊಂಡೆ. ನನಗೆ ಅಷ್ಟು ಸಾಕಾಗಿಹೋಗಿತ್ತು.

"ಒತ್ಬೇಡಿ ಅತ್ತೆವ್ವ."

ಹೊಂಬಾಳಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಚಿತ್ರದಲ್ಲಿದ್ದ ಅದೇ ಮುಖ, ಅದೇ ಬೋಳು ಹಣೆ. ಇಷ್ಟು ದಿನಗಳಲ್ಲಿ ಅವಳ ದನಿ ಕೇಳಿದ್ದು ಇದೇ ಮೊದಲು. ಬಂದು ಅತ್ತೆಯ ಕೈ ಹಿಡಿದು ಕೆಳಗಿಳಿಸಿದಳು.

"ಸೋಮ್ವಾರ ನೀವು ಒರ್ಸೋವಾಗ ನಾನು ಇಲ್ಲೇ ನಿಂತಿದ್ದೆ. ನೋಡ್ದೆ. ನೋಡಿದ್ ತಕ್ಷಣ ಗೊತ್ತಾಯ್ತು, ಅವ್ರಿಲ್ಲ ಅಂತ."

"ಗೊತ್ತಾಗಿ ಏನಮ್ಮ ಮಾಡಿದೆ?" ಅಂದೆ.

"ಸಾರಿಗೆ ಒಗ್ರಣೆ ಆಕ್ದೆ."

"ಅಳಲಿಲ್ಲವಾ? ಯಾರಿಗೂ ಹೇಳಲಿಲ್ಲವಾ?"

"ಇಲ್ಲ." ಅವಳು ಚಿತ್ರದ ಕಡೆ ತಿರುಗಿದಳು. "ಒಡ್ಯೋರಿರ್ನಿಲ್ಲ, ಬೋಯ್ಯೋರಿರ್ನಿಲ್ಲ. ಕುಂಕುಮ ಇಟ್ಕಂಡೇ ಮಲಿಕ್ಕೊಂಡೆ ಸ್ವಾಮಿ. ಮದ್ವೆ ಆದ್ಮ್ಯಾಕೆ ಅವತ್ತೇ ನಾನು ಕಣ್ತುಂಬ ನಿದ್ದೆ ಮಾಡಿದ್ದು. ಬೆಳಗಾದ್ರೆ ಎಂಗೂ ಗೊತ್ತಾಯ್ತದೆ, ಒಂದ್ ದಿನ ಇಂಗೇ ಇರಾನ ಅಂತ ಸುಮ್ಕಿದ್ದೆ."

ಚಲುವರಾಜು ಚಪ್ಪಾಳೆ ತಟ್ಟುವುದೊಂದು ಬಾಕಿ. "ಕೇಳ್ಕಂಡ್ರಾ ಸ್ವಾಮಿ? ಗೊತ್ತಿತ್ತಂತೆ! ನಿದ್ದೆ ಮಾಡಿದ್ಲಂತೆ! ಗಂಡನ್ ಎಣ ನೀರಲ್ಲಿರೋವಾಗ! ಇನ್ನೇನ್ ಬೇಕು ನಿಮ್ಗೆ? ಬರ್ಕಳಿ, ಅವ್ಳ ಎಸ್ರೇ ಬರ್ಕಳಿ!"

ಅವನು ಹೇಳಿದ್ದರಲ್ಲಿ ಕಾನೂನಿತ್ತು. ಅದೇ ನನ್ನ ಸಂಕಟ. ಈ ಹೆಂಗಸು ಈಗ ಆಡಿದ ಮಾತು ಕೋರ್ಟಿನಲ್ಲಿ ಯಾರ ಕಿವಿಗೆ ಬಿದ್ದರೂ ಅವಳ ಕಥೆ ಮುಗಿಯಿತು. ಜೊತೆಗೆ ಜಹಾಂಗೀರನದೂ.

ಚಿಕ್ಕಬೋರಮ್ಮ ಸೊಸೆಯನ್ನೇ ನೋಡುತ್ತಿದ್ದಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಸೊಸೆಯ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದಳು. "ನಾನ್ ಎತ್ತೋನು ಅಷ್ಟೊಂದ್ ಒಡೀತಿದ್ನೇನವ್ವ?"

ಹೊಂಬಾಳಮ್ಮ ಹೌದೆಂದು ತಲೆ ಆಡಿಸಿದಳು.

ಮುದುಕಿ ಸೊಸೆಯ ಕೈ ಸವರಿದಳು. ಆಮೇಲೆ ತನ್ನ ಕಿರಿಮಗನ ಕಡೆ ಒಮ್ಮೆಯೂ ನೋಡದೆ ಮರಿಸಿದ್ದಯ್ಯನಿಗೆ ಹೇಳಿದಳು:

"ಆ ಬಾಗ್ಲಾಕಪ್ಪ. ನಾನ್ ಈಗ ದಿಟ ಏಳ್ತೀನಿ. ಏಳಿ ಮುಗ್ಸೋಗಂಟ ಯಾರೂ ಆಚ್ಗೆ ಓಗ್ಬಾರ್ದು."

ಮರಿಸಿದ್ದಯ್ಯ ಎದ್ದ. ಚಲುವರಾಜುವಿನ ಒಂದು ಕಾಲು ಆಗಲೇ ಹೊಸ್ತಿಲಿನ ಆಚೆ ಇತ್ತು.